ಮಲ್ಲಿಗೆ ತೋಟದ ಮೇಲೆ ಹಾದ ತಂತಿ

ಮೊನ್ನೆ ಟಿ.ವಿ. ರಿಪೇರಿಯವನು ನಮ್ಮ ಪಡಸಾಲೆಯಲ್ಲಿ ಕೂತು, ಕಾದ ಕಡ್ಡಿಯ ತುದಿಯನ್ನು ಸೀಸದ ಎಳೆಗೆ ಮುಟ್ಟಿಸಿದ. ಚುಂಯ್ ಎಂದು ಒಂದಿಷ್ಟು ಹೊಗೆ ಎದ್ದಿತು. ಆ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಳು ಹಸನು ಮಾಡುತ್ತಿದ್ದ ನನ್ನ ಕೈ ಮೊರದಲ್ಲೇ ನಿಂತುಬಿಟ್ಟಿತು.

"ಯಾಕವ್ವಾ, ಹೊಗಿ ಆಗಿಬರಂಗಿಲ್ಲೇನು?" ಎಂದ.

ಆಗಿಬರದೆ ಏನು, ಇನ್ನೊಂದು ಸಲ ಮುಟ್ಟಿಸಪ್ಪಾ ಎನ್ನಬೇಕು ಅನ್ನಿಸಿತು. ಅದು ನನಗೆ ಎರಡು ಸಾವಿರದ ಒಂಬತ್ತನೇ ಇಸವಿಯ ಬೇಸಿಗೆಯ ವಾಸನೆ. ನನ್ನ ಮೊಮ್ಮಗಳು ಹುಟ್ಟಿದ ವರ್ಷದ ವಾಸನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೂ ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ಇನ್ನು ಆಗುವುದಿಲ್ಲ.

ನಮ್ಮದು ಹಡಗಲಿಯಿಂದ ಹೊಳಲಿನ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಊರು. ಮನೆ ಊರಿನ ತುದಿಗೆ, ಮನೆಯ ಮುಂದೆಯೇ ಅರ್ಧ ಎಕರೆ ಮಲ್ಲಿಗೆ ತೋಟ. ನಾನು, ನಮ್ಮನೆಯವರು, ಮಗ ಬಸವರಾಜ. ಮಗ ಊರಿನವರ ಹೂವನ್ನೆಲ್ಲ ಟೆಂಪೋದಲ್ಲಿ ಹಡಗಲಿಗೆ ಹಾಕಿ ಬರುತ್ತಿದ್ದ. ಮಗಳು ಗಂಗಾ. ಗಂಗಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಬಾಯಿಗೆ ಮಾತೂ ಬರಲಿಲ್ಲ. ದೂರದ ಶಾಲೆಯಲ್ಲಿ ಇಟ್ಟಿದ್ದೆವು, ಅಳು ನಿಲ್ಲದೆ ಒಂದೇ ವರ್ಷಕ್ಕೆ ಕರೆತಂದೆವು. ತನ್ನ ಹೆಸರು, ನಮ್ಮ ಹೆಸರು, ಬಸ್ಸಿನ ಬೋರ್ಡು, ಇಷ್ಟು ಓದುತ್ತಾಳೆ.

ಆದರೆ ಮಾತಿಗೇನೂ ಕಡಿಮೆ ಇರಲಿಲ್ಲ ನೋಡಿ. ನಾನೂ ಅವಳೂ ಹೂವಿನ ಗಿಡಗಳ ನಡುವೆ ಕೂತೂ ಕೂತೂ ನಮ್ಮದೇ ಒಂದು ಕೈಮಾತು ಮಾಡಿಕೊಂಡಿದ್ದೆವು. ಮೂಗಿನ ನತ್ತು ಮುಟ್ಟಿದರೆ ಅವ್ವ. ಮೀಸೆ ತಿರುವಿದರೆ ಅಪ್ಪ. ಮೊಗ್ಗಿನ ಹತ್ತಿರ ಹೋದ ಬೆರಳನ್ನು ಹಿಂದಕ್ಕೆ ತಂದರೆ 'ಈಗಲ್ಲ, ತಾಳು'. ಎರಡು ಬೆರಳಲ್ಲಿ ಚಿವುಟಿದರೆ 'ಈಗ'. ಮಲ್ಲಿಗೆಯನ್ನು ಅರಳುವ ಮೊದಲೇ ಬಿಡಿಸಬೇಕು, ಹೊತ್ತಿಗೆ ಮುಂಚೆಯೂ ಆಗಬಾರದು, ತಡವೂ ಆಗಬಾರದು. ಅದಕ್ಕೇ ನಮ್ಮ ಕೈಮಾತಿನಲ್ಲಿ ಈ ಎರಡು ಸನ್ನೆಗಳಿಗೆ ಬಿಡುವೇ ಇರುತ್ತಿರಲಿಲ್ಲ. ಉಡಿಯಿಂದ ಹೂವು ಸುರಿದ ಹಾಗೆ ಎರಡೂ ಕೈ ಬಿಚ್ಚಿ ಹೊರಗೆ ಚೆಲ್ಲಿದರೆ 'ಹೋಯಿತು, ಮುಗಿಯಿತು'. ಈ ಮಾತು ಬರುತ್ತಿದ್ದದ್ದು ಜಗತ್ತಿನಲ್ಲಿ ಇಬ್ಬರಿಗೆ. ಅವಳ ಅಪ್ಪನಿಗೂ ಅಣ್ಣನಿಗೂ ಊಟ, ನೀರು, ಬಾ, ಹೋಗು ಎನ್ನುವಷ್ಟು ಗೊತ್ತಿತ್ತು.

ಗಂಗಾಳನ್ನು ಮೈಸೂರಿಗೆ ಕೊಟ್ಟಿದ್ದೆವು. ಅಳಿಯ ಶಿವಕುಮಾರನಿಗೂ ಕಿವಿ ಕೇಳುವುದಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ, ಬಂಗಾರದಂಥ ಹುಡುಗ. ಅವನ ತಾಯಿಯೂ ಒಳ್ಳೆಯವರು. ಆ ವರ್ಷ ಗಂಗಾ ಬಸಿರಾದಳು. ಯುಗಾದಿ ಮುಗಿಸಿ, ಏಳನೇ ತಿಂಗಳಿಗೆ ತವರಿಗೆ ಕರೆತರುವುದು ಎಂದು ಮಾತಾಗಿತ್ತು. ಇನ್ನು ಎಂಟು ದಿನ ಇದೆ ಎನ್ನುವಾಗ ನಾನು ತೋಟದ ನೀರುಗಾಲುವೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಡಾಕ್ಟರು ಒಳಗೆ ಉಕ್ಕಿನ ಪಟ್ಟಿ ಕೂರಿಸಿ, ಮೂರು ತಿಂಗಳು ನೆಲಕ್ಕೆ ಊರಬೇಡ ಎಂದರು. ಅದೇ ವಾರ ಮೈಸೂರಿನಿಂದ ಬೀಗಿತ್ತಿಯ ಫೋನು: ಗಂಗಾಳಿಗೆ ರಕ್ತದ ಒತ್ತಡ ಏರಿದೆ, ಬಸ್ಸು ರೈಲು ಏನೂ ಕೂಡದು, ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ.

"ನೀವೇನೂ ಯೋಚ್ನೆ ಮಾಡ್ಬೇಡಿ ಬೀಗ್ರೇ, ಚೆನ್ನಾಗವ್ಳೆ, ನಾವಿಲ್ವಾ?" ಎಂದರು ಆ ಪುಣ್ಯಾತ್ಗಿತ್ತಿ.

ಫೋನು ಇಟ್ಟ ಮೇಲೆ ನಾನು ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಹೆರಿಗೆಯೆಂದರೆ ಏನು ಅಂತ ನನಗೆ ಯಾರು ಹೇಳಿಕೊಟ್ಟಿದ್ದರು? ಯಾರೂ ಕೂರಿಸಿ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ, ಹೂ ಕಟ್ಟುವಾಗ ಹೆಂಗಸರು ಆಡಿಕೊಳ್ಳುವುದನ್ನು ಕೇಳಿ ಕೇಳಿ ತಿಳಿದದ್ದು. ನೋವು ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ, ನಡುವೆ ಉಸಿರು ತಗೋ, ಅವಸರಕ್ಕೆ ತಿಣುಕಬೇಡ. ಗಂಗಾ ಆ ಒಂದು ಮಾತನ್ನೂ ಕೇಳಿದವಳಲ್ಲ! ಹೆಂಗಸರ ನಡುವೆಯೇ ಕೂತಿರುತ್ತಿದ್ದಳು, ನಕ್ಕರೆ ನಗುತ್ತಿದ್ದಳು, ಆದರೆ ಯಾತಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ತವರಿಗೆ ಬಂದಾಗ ಹೇಳಿದರಾಯಿತು ಅಂತ ನಾನು ಸುಮ್ಮನಿದ್ದೆ. ಅಳಿಯನಿಗೂ ಯಾರು ಹೇಳಿರಬೇಕು? ಬೀಗಿತ್ತಿಗೆ ನಮ್ಮ ಕೈಮಾತು ಬಾರದು. ಅಪ್ಪನನ್ನು ಕಳಿಸಿದರೆ ಆತ ಮೀಸೆ ತಿರುವಿಕೊಂಡು ಕೂತು ಬರಬೇಕಷ್ಟೆ.

ನನ್ನ ಮಗಳು ಏನೂ ತಿಳಿಯದೆ ಆ ನೋವಿನ ಬಾಯಿಗೆ ಹೋಗುತ್ತಾಳಲ್ಲಾ! ಸಾಯುತ್ತಿದ್ದೇನೆ ಎಂದೇ ಅಂದುಕೊಳ್ಳುತ್ತಾಳೆ. ನನಗೆ ಅನ್ನ ಇಳಿಯಲಿಲ್ಲ. ನಮ್ಮನೆಯವರು ಸುಟ್ಟಿದ್ದ ರೊಟ್ಟಿಯೂ ಇಳಿಯುವ ಹಾಗೆ ಇರಲಿಲ್ಲ ಅನ್ನಿ.

"ರೊಟ್ಟಿ ಕರಕಾಗೈತಿ ಅಂತ ಅಳಾಕ ಹತ್ತೀಯೇನು?" ಎಂದರು.

ವಿಷಯ ಹೇಳಿದೆ. ರೊಟ್ಟಿ ಕೈಯಲ್ಲೇ ಹಿಡಿದು ಹೊರಗೆ ಹೋಗಿ ನಿಂತರು.

ಬಸವರಾಜ ಅಂದ: "ಯವ್ವಾ, ಮಾರಿ ನೋಡಿ ಮಾತಾಡೋದು ಬಂದೈತಿ. ಕಂಪ್ಯೂಟರ್ ಮ್ಯಾಲ ಒಂದು ಕ್ಯಾಮೆರಾ ಇಟ್ರ ಆತು. ಅಳಿಯಪ್ಪನ ತಮ್ಮಂದು ಅವರ ಮನ್ಯಾಗ ಐತಿ. ನಮ್ಮನಿಗೆ ಬ್ರಾಡ್‌ಬ್ಯಾಂಡ್ ಹಾಕಿಸಬೇಕು, ಅಷ್ಟ."

ಅಷ್ಟ ಅಂದ, ಅಷ್ಟರಲ್ಲಿ ಮುಗಿಯಲಿಲ್ಲ. ಹಡಗಲಿಯ ಜೆರಾಕ್ಸ್ ಅಂಗಡಿಯವನು ತೆಗೆದಿಟ್ಟಿದ್ದ ಹಳೆಯ ಕಂಪ್ಯೂಟರು ಹೂವಿನ ಬುಟ್ಟಿಗಳ ನಡುವೆ ಕೂತು ಟೆಂಪೋದಲ್ಲಿ ಬಂತು. ನೆಲ್ಲಿಕಾಯಿ ಗಾತ್ರದ ಕ್ಯಾಮೆರಾ ಬಂತು. ಊರಲ್ಲೆಲ್ಲ ಮೊಬೈಲು ಬಂದು ಮನೆಫೋನುಗಳನ್ನು ಕಿತ್ತು ಹಾಕಿದ್ದರು, ಉಳಿದಿದ್ದದ್ದು ನಮ್ಮದೊಂದೇ. ಅದೂ ನಮ್ಮನೆಯವರ ಹಟಕ್ಕೆ. ಪಕ್ಕದೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಸಾಹೇಬರು ಕಾಗದ ನೋಡಿ, "ಕೊಡಬಹುದು. ದೀಪ ಹತ್ತತೈತಿ. ಆದ್ರ ನಿಮ್ದು ಭಾಳ ದೂರದ ಲೈನು, ಸ್ಪೀಡ್ ಕೇಳಬ್ಯಾಡ್ರಿ" ಎಂದಿದ್ದರಂತೆ.

ನಾಲ್ಕು ದೀಪದ ಡಬ್ಬಿ, ಮೋಡೆಮ್ ಅಂತೆ, ಗೂಡಿನಲ್ಲಿ ಕೂತಿತು. ಮೂರು ದೀಪ ನೆಟ್ಟಗೆ ಉರಿದವು, ಒಂದು ಮಾತ್ರ ಮಿಣಮಿಣ.

"ನಿನಗ ಕಣ್ಣು ಹೊಡಿಯಾಕ ಹತ್ತೈತಿ ನೋಡು," ಎಂದರು ನಮ್ಮನೆಯವರು.

ಮಧ್ಯಾಹ್ನ ನಾಲ್ಕಕ್ಕೆ ಗಂಗಾ ಬಂದಳು. ಮುಖ ಕೌದಿಯ ತುಂಡುಗಳ ಹಾಗೆ ಚೌಕ ಚೌಕವಾಗಿ ಬಂತು, ಕಣ್ಣು ಒಂದು ಕಡೆ, ಬಾಯಿ ಒಂದು ಕಡೆ. ಆದರೂ ನನ್ನ ಮಗಳು! ನತ್ತು ಮುಟ್ಟಿ ತೋರಿಸಿದಳು. ನಾನು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು, ಇನ್ನು ತಡ ಮಾಡಬಾರದು ಎಂದು ಹೇಳಲು ಶುರುಮಾಡಿದೆ. ಎರಡೂ ಮುಷ್ಟಿ ಹೊಟ್ಟೆಯ ಮೇಲೆ ಬಿಗಿಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನೋವು ಬರುತ್ತದೆ ಎಂದೆ. ಕಣ್ಣು ಬಿಟ್ಟು ಕೈ ಬಿಚ್ಚಿ ಚೆಲ್ಲಿ, ಹೋಗುತ್ತದೆ ಎಂದೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಆ ಕಡೆ ಗಂಗಾಳ ಕಣ್ಣು ದೊಡ್ಡದಾಗುತ್ತಾ ಹೋಯಿತು. ಚಿತ್ರ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಬೀಗಿತ್ತಿಯ ಫೋನು.

"ಅದೇನ್ ತೋರಿಸ್ಬುಟ್ರಿ ಬೀಗ್ರೇ? ಹೊಟ್ಟೆ ಹಿಂಡ್ಕೊಂಡು, ಹಲ್ಲು ಕಚ್ಕೊಂಡು, ಹಂಗೇ ನಿಂತೋಯ್ತು ನಿಮ್ ಚಿತ್ರ! ಅನ್ನ ಉಣ್ಣೋಷ್ಟು ಹೊತ್ತು ಅಲ್ಲಾಡ್ಲೇ ಇಲ್ಲ. ಇವ್ಳು ಅಷ್ಟು ಹೊತ್ತೂ ನೋಡ್ತಾನೇ ಕೂತಿದ್ಲು. ಈಗ ಗೋಡೆ ಕಡೆ ತಿರುಗಿ ಮಲ್ಗವ್ಳೆ, ಊಟನೂ ಬೇಡ್ವಂತೆ."

ನೋವು ಬರುತ್ತದೆ ಎನ್ನುವುದು ಮೈಸೂರಿಗೆ ತಲುಪಿತ್ತು. ಹೋಗುತ್ತದೆ ಎನ್ನುವುದು ನಮ್ಮೂರಲ್ಲೇ ಉಳಿದಿತ್ತು. ಏನೂ ಗೊತ್ತಿಲ್ಲದೆ ಇದ್ದವಳಿಗೆ ನಾನೇ ಅರ್ಧ ಹೇಳಿ, ಬಿಡದ ನೋವೊಂದನ್ನು ತೋರಿಸಿ ಹೆದರಿಸಿದ್ದೆ. ಮರುದಿನ ಕರೆದರೆ ಕ್ಯಾಮೆರಾ ಮುಂದೆ ಬರಲೇ ಇಲ್ಲ. ಅದರ ಮರುದಿನವೂ ಬರಲಿಲ್ಲ. ಬೀಗಿತ್ತಿ ನಾಲ್ಕು ತುತ್ತು ಉಣಿಸಿದೆ ಎಂದರು, ಅಷ್ಟೇ ಸಮಾಧಾನ.

ಬಸವರಾಜ ಎಕ್ಸ್‌ಚೇಂಜಿಗೆ ಓಡಿದ, ಲೈನ್‌ಮನ್ ಮಾಬುಸಾಬನನ್ನು ಟೆಂಪೋದಲ್ಲೇ ಕೂರಿಸಿಕೊಂಡು ಬಂದ. ತಲೆಗೆ ಟವೆಲು ಸುತ್ತಿಕೊಂಡಿದ್ದ ಮಾಬುಸಾಬ ಎರಡು ದಿನ ಆ ಉರಿಬಿಸಿಲಲ್ಲಿ ಕಂಬದಿಂದ ಕಂಬಕ್ಕೆ ಹತ್ತಿ ಇಳಿದ. ತುಕ್ಕು ಹಿಡಿದ ಜೋಡಣೆಗಳನ್ನು ಬಿಚ್ಚಿ, ಉಜ್ಜಿ, ಕೆಂಡದಲ್ಲಿ ಕಾಸಿದ ಕಡ್ಡಿಯಿಂದ ಬೆಸುಗೆ ಹಾಕಿದ. ಮನೆಯ ಮುಂದಿನ ಕಂಬದಲ್ಲಿ ಹಾಕುವಾಗ ಆ ರಾಳದ ಹೊಗೆ ನಾನು ಕೂತ ಕಟ್ಟೆಯವರೆಗೂ ಬರುತ್ತಿತ್ತು. ಕೊನೆಗೆ ಬಂದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಚೊಂಬು ಕೆಳಗಿಟ್ಟ.

"ಅಮ್ಮಾರ, ನನ್ನ ಕೈಲಾದದ್ದು ಮಾಡೀನ್ರಿ. ಆದ್ರ ಉದ್ದ ಭಾಳಾತು. ಎಕ್ಸ್‌ಚೇಂಜಿನಿಂದ ನೆಟ್ಟಗ ಬಂದ್ರ ಮೂರು ಕಿಲೋಮೀಟರು, ಆ ದಾರಿ ಕಂಬ ನಿಮ್ಮ ತೋಟದ ಅಂಚಿನ ತನಕ ಅದಾವ. ಇದು ಕೆರಿ ಏರಿ ಸುತ್ತಿ, ಊರ ಹಿಂದಿನ ಹೊಲ ಸುತ್ತಿ ಬಂದೈತಿ. ಆರರ ಹತ್ರ ಆಗತೈತಿ. ಅಷ್ಟು ದೂರ ನಡದು ಬರೋದ್ರಾಗ ಶಕ್ತಿ ಉಳಿಯಂಗಿಲ್ಲ ಅದಕ್ಕ."

"ಅಯ್ಯ, ಹಂಗ ಸುತ್ತಿಸಿ ಯಾವ ಪುಣ್ಯಾತ್ಮ ಎಳದನಪ್ಪಾ?" ಎಂದೆ.

ಮಾಬುಸಾಬ ಟವೆಲಿನಿಂದ ಮುಖ ಒರೆಸಿಕೊಂಡ. "ಎಳದಾವ ನಾನ ರೀ. ಎಳಸಿದಾರು ನೀವ."

ಹೌದಲ್ಲ! ಹತ್ತು ಹನ್ನೆರಡು ವರ್ಷದ ಹಿಂದೆ ಊರಿಗೆ ಫೋನು ಬಂದಾಗ, ಕಂಬದ ಗುರುತು ನಮ್ಮ ಮಲ್ಲಿಗೆ ತೋಟದ ನಡುವೆ ಬಿದ್ದಿತ್ತು. ನಮ್ಮ ತೋಟದ ಮೊದಲ ಬುಟ್ಟಿ ಊರ ಗುಡಿಗೆ ಹೋಗುತ್ತದೆ, ನಮ್ಮತ್ತೆಯ ಕಾಲದಿಂದಲೂ ಹಾಗೇ. ಸ್ನಾನ ಮಾಡದೆ ನಾವು ಆ ಮೊಗ್ಗು ಮುಟ್ಟುವುದಿಲ್ಲ. ತಂತಿ ಎಳೆದರೆ ಅದರ ಮೇಲೆ ಕಾಗೆ ಕೂರುತ್ತವೆ, ಕೂತು ಮೊಗ್ಗಿನ ಮೇಲೆ ಹೇತು ಮೈಲಿಗೆ ಮಾಡುತ್ತವೆ ಎಂದು ನಾನು ಕುಡುಗೋಲು ಹಿಡಿದು ಅಡ್ಡ ನಿಂತಿದ್ದೆ.

"ಕಾಗಿ ಗಿಡದ ಮ್ಯಾಲೂ ಕುಂದರತಾವಲ್ರಿ ಅಂದೆ ನಾನು," ಎಂದ ಮಾಬುಸಾಬ, ನಗುತ್ತ. "ಗಿಡದ ಮ್ಯಾಲಿಂದ ಓಡಸ್ತೀನಿ, ತಂತಿ ಮ್ಯಾಲಿಂದ ನಿಮ್ಮಪ್ಪ ಓಡಸ್ತಾನೇನು ಅಂದ್ರಿ ನೀವು. ನಮ್ಮಪ್ಪ ಆಗಿನ್ನೂ ಬದುಕಿದ್ದ, ಮನಿಗೆ ಹೋಗಿ ಹೇಳಿದೆ, ಅವನೂ ನಕ್ಕ."

ಆತ ಹೇಳದ ಇನ್ನೊಂದು ಮಾತು ನನಗೆ ನೆನಪಾಯಿತು. ಅವತ್ತು ಜನರೆಲ್ಲ, ಫೋನು ಬೇಕಲ್ಲವ್ವಾ ಎಂದಾಗ ನಾನು ಅಂದಿದ್ದೆ: ನನ್ನ ಮಗಳಿಗೆ ಬಾರದ ಮಾತು ಮನೆಯೊಳಗೆ ತಂದು ನಾನೇನು ಮಾಡಲಿ? ಕಾಗೆಯ ನೆಪ ಅರ್ಧ, ಈ ಸಂಕಟ ಅರ್ಧ. ಆಗ ಸುತ್ತಿಸಿದ ತಂತಿ ಈಗ ಗಂಗಾಳ ಕತ್ತಿಗೇ ಸುತ್ತಿಕೊಂಡ ಹಾಗೆ ಅನ್ನಿಸಿತು.

"ತೋಟದಾಗ ಮೂರು ಕಂಬ ಹುಗದ್ರ ಸರಿ ಹೋಗತೈತೇನು?" ಎಂದೆ.

"ಹೋಗತೈತ್ರಿ. ಆದ್ರ ಹೊಸ ಕಂಬ ಸ್ಟಾಕ್ ಇಲ್ಲ. ಸಾಹೇಬ್ರು ಹೂಂ ಅಂದ್ರ ಕೆರಿ ಏರಿ ಮ್ಯಾಲಿನವು ಕಿತ್ತು ಇಲ್ಲಿ ಹುಗೀಬಹುದು, ಆ ಲೈನಿನ್ಯಾಗ ನೀವೊಬ್ರ ಉಳಿದೀರಿ. ಗಿಡ ಮಾತ್ರ ಒಂದಿಷ್ಟು ಹೋಗತಾವ ನೋಡ್ರಿ. ಮೊಗ್ಗಿನ ಕಾಲ."

ನಾನು ನಮ್ಮನೆಯವರ ಮುಖ ನೋಡಿದೆ. ಆ ಸಾಲುಗಳನ್ನು ಅವರ ತಾಯಿ ತಲೆಯ ಮೇಲೆ ನೀರು ಹೊತ್ತು ಬೆಳೆಸಿದ್ದರು. ಆತ ಎದ್ದು, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು, "ಎಲ್ಲಿ ಹೇಳು ಮಾಬು, ಗುರುತು ಹಾಕು. ನಾಳಿ ಕಂಬ ಬರೋದ್ರಾಗ ಗುಂಡಿ ತಯಾರಿರಬೇಕು" ಎಂದರು. ಒಂಬತ್ತು ಗಿಡ ಹೋದವು. ಮೊಗ್ಗು ತುಂಬಿದ ಗಿಡಗಳು. ಕಿತ್ತ ಗಿಡಗಳ ಮೊಗ್ಗನ್ನೆಲ್ಲ ಬಿಡಿಸಿ ನನ್ನ ಮಡಿಲಿಗೆ ತಂದು ಹಾಕಿ, "ಕಟ್ಟು, ಕೈ ಸುಮ್ಮನ ಯಾಕ?" ಎಂದರು. ದನಿ ಗಟ್ಟಿ ಮಾಡಿಕೊಂಡೇ ಅಂದರು, ಕಣ್ಣು ಮಾತ್ರ ಈ ಕಡೆ ತಿರುಗಿಸಲಿಲ್ಲ.

ಗುಡಿಯ ಪೂಜಾರಿ ಅಯ್ಯನವರನ್ನೂ ಒಂದು ಮಾತು ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೇಳಿ ಕಳಿಸಿದೆ, ಅವರೇ ಬಂದರು.

"ಕಾಗಿ ಮೊದಲು ಬಂದು ಕುಂದ್ರೂದ ನಮ್ಮ ಗುಡಿ ಶಿಖರದ ಮ್ಯಾಲ," ಎಂದರು. "ಅದಕ್ಕಂತ ದೇವ್ರು ಗುಡಿ ಬಿಟ್ಟು ಹೋಗ್ಯಾನೇನು ತಂಗಿ? ಮಗಳ ಜೋಡಿ ಮಾತಾಡು ಹೋಗು."

ಸಾಹೇಬರು ಹೂಂ ಅಂದರು. ಕಂಬಗಳು ಎತ್ತಿನ ಗಾಡಿಯ ಮೇಲೆ ಬಂದವು. ತಂತಿ ಎಳೆದ ಮೇಲೆ ಮಾಬುಸಾಬ ತನ್ನ ಮನೆಯಿಂದ ಎರಡು ಹಳೆಯ ಕ್ಯಾಸೆಟ್ಟು ತಂದು, ಅದರೊಳಗಿನ ಕಂದು ರೀಲು ಬಿಚ್ಚಿ ಕಂಬದಿಂದ ಕಂಬಕ್ಕೆ ಕಟ್ಟಿದ. ಗಾಳಿಗೆ ಅದು ಝುಂಯ್ ಎಂದು ಹಾಡಿತು. ಒಂದು ಕಾಗೆ ಬಂದು, ಕೂರಲೋ ಬೇಡವೋ ಎಂದು ಸುತ್ತಿ, ಬೈಯುತ್ತ ಹೋಯಿತು.

"ಇನ್ನ ಕುಡುಗೋಲು ಒಳಗಿಡ್ರಿ ಅಮ್ಮಾರ," ಎಂದ ಮಾಬುಸಾಬ.

ಗೂಡಿನಲ್ಲಿ ನಾಲ್ಕನೆಯ ದೀಪ ನೆಟ್ಟಗೆ ನಿಂತಿತು.

ಗಂಗಾ ಬರಬೇಕಲ್ಲ! ಬೀಗಿತ್ತಿ ಕೈ ಮುಗಿದು, ಅಳಿಯ ಗಲ್ಲ ಹಿಡಿದು, ಹೇಗೋ ಕರೆತಂದು ಕೂರಿಸಿದರು. ತಲೆ ಬಗ್ಗಿಸಿ ಕೂತಿದ್ದಳು. ಈ ಸಲ ಚೌಕಗಳಿರಲಿಲ್ಲ. ಬೈತಲೆ, ಹಣೆಯ ಬೊಟ್ಟು, ಕಣ್ಣ ಕೆಳಗಿನ ಕಪ್ಪು, ಎಲ್ಲ ಕಂಡಿತು. ನಾನು ನೋವಿನಿಂದ ಶುರುಮಾಡಲಿಲ್ಲ. ಮೊದಲು ಕೈ ಬಿಚ್ಚಿ ಚೆಲ್ಲಿದೆ: ಹೋಗುತ್ತದೆ. ಅವಳು ತಲೆ ಎತ್ತಿದಳು. ಮತ್ತೆ ಚೆಲ್ಲಿದೆ: ಹೋಗುತ್ತದೆ. ಆಮೇಲೆ ಮೆಲ್ಲಗೆ ಮುಷ್ಟಿ ಕಟ್ಟಿದೆ, ಆದರೆ ನಗುತ್ತಲೇ. ಬರುತ್ತದೆ, ಹೋಗುತ್ತದೆ. ನಡುವೆ ಉಸಿರು. ಮೊಗ್ಗಿನಿಂದ ಬೆರಳು ಹಿಂದಕ್ಕೆ: ಈಗಲ್ಲ, ತಾಳು. ಈಗಲ್ಲ. ಈಗಲ್ಲ. ಡಾಕ್ಟರಮ್ಮ ನಿನ್ನ ಕೈ ಚಿವುಟುತ್ತಾಳೆ, ಆಗ: ಈಗ! ಬೀಗಿತ್ತಿಗೂ ಆ ಚಿವುಟುವುದನ್ನು ಕಲಿಸಿದೆ, ಡಾಕ್ಟರಿಗೆ ಹೇಳಿರಿ ಎಂದೆ.

ಗಂಗಾ ಆಮೇಲೆ ಎದೆ ಮುಟ್ಟಿಕೊಂಡು, ನನ್ನ ಕಡೆ ತೋರಿಸಿ, ಹೊಟ್ಟೆಯ ಮೇಲೆ ಮುಷ್ಟಿ ಕಟ್ಟಿದಳು. ನಾನು ಹುಟ್ಟುವಾಗ ನಿನಗೂ?

ಹೌದು ಎಂದೆ.

ಹೋಯಿತಾ?

ನಿನ್ನ ಮುಖ ನೋಡಿದ ಕೂಡಲೇ ಹೋಯಿತು ಎಂದೆ.

ಬೀಗಿತ್ತಿ ತಂದಿಟ್ಟ ಉಪ್ಪಿಟ್ಟನ್ನು ಅವತ್ತು ನನ್ನ ಎದುರಿಗೇ ತಿಂದಳು. ಒಂದೊಂದು ತುತ್ತೂ ನನ್ನ ಹೊಟ್ಟೆಗೇ ಬಿದ್ದಂತೆ ಇತ್ತು. ಅಲ್ಲಿಂದ ಮುಂದೆ ದಿನಾ ನಾಲ್ಕಕ್ಕೆ ನಮ್ಮ ಪಾಠ. ಕರೆಂಟು ಕೊಟ್ಟ ದಿನ ಉದ್ದದ ಪಾಠ, ಹೋದ ದಿನ ತುಂಡು ಪಾಠ. ಅಳಿಯನೂ ಪಕ್ಕ ಕೂತು ಕಲಿತ, ಪಾಪ, ಅವನು ಮುಷ್ಟಿ ಕಟ್ಟುವಾಗ ಗಂಗಾ ಬಿದ್ದು ಬಿದ್ದು ನಗುತ್ತಿದ್ದಳು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಹೆರಿಗೆಯಾಯಿತು. ಗುಡುಗು ಶುರುವಾಗಿ ಬಸವರಾಜ ವಯರುಗಳನ್ನೆಲ್ಲ ಕಿತ್ತಿಟ್ಟಿದ್ದ. ಅವನ ಮೊಬೈಲಿಗೆ ಬೀಗಿತ್ತಿಯ ಕೂಗು ಬಂತು.

"ಹೆಣ್ಮಗು ಬೀಗ್ರೇ! ತಾಯೀನೂ ಚೆನ್ನಾಗವ್ಳೆ. ಡಾಕ್ಟ್ರಮ್ಮ ಚಿವುಟಿದ್ರು ನೋಡಿ, ನಮ್ ಗಂಗಾ ಹಂಗೇ ಮಾಡಿದ್ಲು, ಒಂದ್ ಚೂರೂ ಹೆದ್ರಲಿಲ್ಲ!"

ನಮ್ಮನೆಯವರು ಸುರಿಯುವ ಮಳೆಯಲ್ಲಿ ಓಣಿಗೆ ಓಡಿದರು, ಯಾರಿಗೆ ಸಕ್ಕರೆ ಹಂಚಲು ಹೋದರೋ, ಅದು ಕೈಯಲ್ಲೇ ಕರಗಿರಬೇಕು.

ಆರನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದರು. ನಾಲ್ಕಕ್ಕೆ ಕಂಪ್ಯೂಟರಿನ ಮುಂದೆ ನಾವು ಮೂವರೂ ಕೂತಿದ್ದೆವು. ಗಂಗಾ ಬಂದಳು. ಬಟ್ಟೆಯ ಗಂಟನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಕೆಂಪು ಮುಖ, ಮುಚ್ಚಿದ ಕಣ್ಣು, ಎಷ್ಟು ಕೂದಲು! ಏನು ಸನ್ನೆ ಮಾಡಬೇಕೆಂದು ಬೆಳಿಗ್ಗೆಯಿಂದ ಯೋಚಿಸಿಟ್ಟಿದ್ದೆ. ಎಲ್ಲ ಮರೆತು, ಬಾಯಿ ಬಿಟ್ಟು ಕೂಗಿಬಿಟ್ಟೆ.

"ನನ್ನ ಬಂಗಾರಾ!"

ಮಗು ಬೆಚ್ಚಿತು. ಎರಡೂ ಕೈ ಅಗಲಿಸಿ, ಕಣ್ಣು ಬಿಟ್ಟು, ದನಿ ಬಂದ ಕಡೆಗೆ ಮುಖ ಹೊರಳಿಸಿತು.

ಕೂಸಿಗೆ ಕಿವಿ ಕೇಳುತ್ತದೆ! ಈ ಕಡೆಯೂ, ಆ ಕಡೆಯೂ ನಮ್ಮೆಲ್ಲರ ಮನಸ್ಸಿನಲ್ಲಿ ಇದ್ದು ಯಾರೂ ಆಡದೆ ಇದ್ದ ಪ್ರಶ್ನೆ ಅದೇ. ಕೇಳಿಸದಿದ್ದರೂ ಆ ಕೂಸಿಗೆ ನಾನು ನನ್ನ ಎರಡೂ ಕೈ ತುಂಬ ಮಾತು ಕೊಡುತ್ತಿದ್ದೆ, ಗಂಗಾಳಿಗೆ ಕೊಟ್ಟಂತೆ. ಆದರೆ ಗಂಗಾ? ತನ್ನ ಮಗು ತಾನಿಲ್ಲದ ಒಂದು ಕಡೆಗೆ ಹೋಯಿತು ಅಂದುಕೊಳ್ಳುತ್ತಾಳೇನೋ ಎಂದು ನನ್ನ ಜೀವ ಹಾರಿತು.

ಅವಳು ಮಗುವನ್ನು ನೋಡಿದಳು. ಮಗು ಹೊರಳಿದ ಕಡೆ ಇದ್ದ, ದನಿ ಬರುವ ಸ್ಪೀಕರಿನ ಡಬ್ಬಿಯನ್ನು ನೋಡಿದಳು. ನನ್ನನ್ನು ನೋಡಿ, ತನ್ನ ಕಿವಿ ಮುಟ್ಟಿ, ಮಗುವಿನ ಕಡೆ ಬೆರಳು ಮಾಡಿದಳು. ನಾನು ತಲೆಯಾಡಿಸಿದೆ.

ಗಂಗಾಳ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ! ಭುಜ ಕುಣಿಸಿಕೊಂಡು ನಕ್ಕಳು. ಮಗುವನ್ನು ದನಿಯ ಡಬ್ಬಿಗೆ ಇನ್ನೂ ಹತ್ತಿರ ಹಿಡಿದು, ನನ್ನ ಕೈಗಳನ್ನು ತೋರಿಸಿ ಬೇಡ ಎಂದಳು, ತುಟಿ ಮುಟ್ಟಿ ತೋರಿಸಿ ಬೇಕು ಎಂದಳು. ಬಾಯಲ್ಲಿ ಮಾತಾಡು, ಇವಳ ಜೊತೆ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮಗಳು ನನ್ನ ದನಿ ಬೇಕು ಅಂದಿದ್ದಳು, ತನ್ನ ಮಗುವಿನ ಸಲುವಾಗಿ. ಕೆರೆಗೆ ನೀರು ಬಂದದ್ದು, ಅಜ್ಜ ರೊಟ್ಟಿ ಕರಕು ಮಾಡುವುದು, ಅಜ್ಜಿಯ ಕುಂಟುಗಾಲು, ಸಿಕ್ಕಿದ್ದೆಲ್ಲ ಆ ಕೂಸಿಗೆ ಹೇಳಿದೆ. ನಾನು ಮಾತು ನಿಲ್ಲಿಸಿದಾಗಲೆಲ್ಲ ಗಂಗಾ ಅದನ್ನು ಮಗುವಿನ ಮುಖದಲ್ಲೇ ತಿಳಿದು, ಅಲ್ಲಿಂದ ಕಣ್ಣು ತೆಗೆಯದೆಯೇ ಒಂದು ಕೈ ನನ್ನ ಕಡೆ ಚಾಚಿ, ಇನ್ನೂ, ಇನ್ನೂ ಎನ್ನುತ್ತಿದ್ದಳು.